ಖರ್ಜೂರದ ಬೀಜದ ಹಾರವೂ ಹೋಗದ ನನ್ನ ಕೆಲಸವೂ

ಹಾರ ಮಾಡುವುದು ಏನು ಮಹಾ ವಿದ್ಯೆ? ಮಣಿಗೆ ಒಂದು ತೂತು, ತೂತಿಗೆ ಒಂದು ದಾರ, ದಾರದ ತುದಿಗೆ ಒಂದು ಗಂಟು. ಇಷ್ಟು ಮಾಡಲು ಬಾರದವನು ಇಷ್ಟು ವರ್ಷ ದುಬೈಯಲ್ಲಿ ಸ್ಟೋರ್‌ಕೀಪರ್ ಆಗಿ ಏನು ಕಡಿದು ಹಾಕಿದ ಎಂದು ಯಾರಾದರೂ ಕೇಳಿದರೆ ನಾನು ತಲೆ ತಗ್ಗಿಸಬೇಕಾದೀತು. ನಾನು ಕೆಲಸ ಮಾಡುವುದು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಗೋದಾಮಿನಲ್ಲಿ. ನಲ್ಲಿ, ಪೈಪು, ವಾಲ್ವು, ವಾಷರು, ಸ್ಕ್ರೂ, ಇವೆಲ್ಲ ನನ್ನ ಆಳ್ವಿಕೆಗೆ ಒಳಪಟ್ಟ ಪ್ರಜೆಗಳು. ಯಾವ ತೂತಿಗೆ ಯಾವುದು ಹೋಗುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಇಂಥವನಿಗೆ ಒಂದು ಹಾರ ಯಾವ ಲೆಕ್ಕ ಎಂದುಕೊಂಡೇ ನಾನು ಈ ಸಾಹಸಕ್ಕೆ ಇಳಿದದ್ದು.

ಸಾಹಸಕ್ಕೆ ಕಾರಣ ಬೇಸರ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಮಗಳು ಪ್ರಾಪ್ತಿ ಪಿಯುಸಿಗೆ ಬಂದಾಗ ನನ್ನ ಹೆಂಡತಿ ಶಶಿ ಅವಳನ್ನು ಕರೆದುಕೊಂಡು ಉಡುಪಿಗೆ ಹೋದಳು. ಇಲ್ಲಿ ನಮ್ಮವರೆಲ್ಲ ಮಾಡುವುದೇ ಹಾಗೆ. ದುಬೈಯ ಕರಾಮದಲ್ಲಿ ನಾವು ಮೂವರಿದ್ದ ಒಂದು ಬೆಡ್‌ರೂಮಿನ ಫ್ಲ್ಯಾಟನ್ನು ಬಿಟ್ಟುಕೊಟ್ಟು ನಾನು ಗೋದಾಮಿನ ಹತ್ತಿರ ಶೇರಿಂಗ್ ರೂಮಿಗೆ ಬಂದೆ. ಪಾಲುದಾರ ವಿಲ್ಫಿ, ಶಿರ್ವದ ಕಡೆಯವನು, ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸ. ಒಳ್ಳೆಯ ಮನುಷ್ಯ. ಆದರೆ ನಾನು ಬರುವಾಗ ಅವನು ಹೊರಡುತ್ತಾನೆ, ಅವನು ಬರುವಾಗ ನಾನು ಹೊರಡುತ್ತೇನೆ. ಕೋಣೆಯಲ್ಲಿ ಇನ್ನೊಬ್ಬ ಇದ್ದಾನೆ ಎನ್ನುವುದಕ್ಕೆ ನನಗಿದ್ದ ಸಾಕ್ಷಿ ಬಾಗಿಲ ಹಿಂದಿನ ಒದ್ದೆ ಟವೆಲ್ ಮಾತ್ರ.

ಶಶಿಯ ಜತೆ ದಿನಾ ಫೋನಿನಲ್ಲಿ ಮಾತಾಡುತ್ತಿದ್ದೆ. ಅದರ ಪೂರ್ಣಪಾಠ ಹೀಗಿದೆ:

"ಊಟ ಆಯ್ತಾ?"

"ಆಯ್ತು. ನಿಂದು?"

"ಆಯ್ತು."

"ಮತ್ತೆ?"

"ಮತ್ತೆ ಎಂತ ಇಲ್ಲ."

"ಸರಿ, ಇಡ್ತೇನೆ."

ನಮಗೆ ಜಗಳವಿರಲಿಲ್ಲ. ಜಗಳವಿದ್ದರೆ ಮಾತಾದರೂ ಇರುತ್ತಿತ್ತು! ಕರಾಮದಲ್ಲಿದ್ದಾಗ ಶಶಿ ಸಂಜೆ ಚಾ ಮಾಡುತ್ತಾ ಅರ್ಧ ಗಂಟೆ ಬಿಡದೆ ಮಾತಾಡುತ್ತಿದ್ದಳು. ನಾನು ಪೇಪರಿನ ಹಿಂದೆ ಕೂತು ಹೂಂಗುಟ್ಟುತ್ತಿದ್ದೆ. ಈಗ ನನಗೆ ಬೇಕಾಗಿದ್ದದ್ದು ಆ ಅರ್ಧ ಗಂಟೆ. ಬೇರೆ ಏನೂ ಬೇಡವಾಗಿತ್ತು.

ಅಷ್ಟರಲ್ಲಿ ರಂಜಾನ್ ಬಂತು. ರಂಜಾನ್ ತಿಂಗಳಲ್ಲಿ ಇಲ್ಲಿ ಎಲ್ಲರಿಗೂ ಕೆಲಸದ ಹೊತ್ತು ಕಡಿಮೆ. ಉಳಿದವರು ಮನೆಗೆ ಬೇಗ ಹೋಗಬಹುದೆಂದು ಖುಷಿಪಡುತ್ತಾರೆ. ನನಗೆ ಬೇಗ ಹೋಗಿ ನೋಡಲು ಇದ್ದದ್ದು ಆ ಟವೆಲ್. ಮಂಚದ ಮೇಲೆ ಬಿದ್ದುಕೊಂಡು ಮೊಬೈಲ್ ಒತ್ತುತ್ತಿದ್ದಾಗ ಯಾವುದೋ ದೇಶದ ಹೆಂಗಸೊಬ್ಬಳು ಖರ್ಜೂರದ ಬೀಜಕ್ಕೆ ತೂತು ಕೊರೆದು ಹಾರ ಮಾಡುವ ವಿಡಿಯೋ ಕಾಣಿಸಿತು. ಎಷ್ಟು ಸುಲಭ! ಎಷ್ಟು ಚೆಂದ! ಬರುವ ತಿಂಗಳು ಶಶಿಯ ಸೋದರಮಾವ ಸಂಜೀವ ಮಾವನ ಮಗಳ ಮದುವೆ ಬೇರೆ ಇತ್ತು. ನಾನು ತಕ್ಷಣ ಫೋನು ಹಚ್ಚಿದೆ.

"ಶಶಿ, ಮದುವೆಗೆ ನಿನಗೊಂದು ಹಾರ ಕಳಿಸ್ತೇನೆ."

ಆ ಕಡೆ ಕುಕ್ಕರಿನ ಸದ್ದು ನಿಂತಿತು. ಅವಳು ಒಲೆ ಆರಿಸಿದ್ದಳು.

"ಎಂತ ಹಾರ?"

"ಅದು ಸರ್‌ಪ್ರೈಸ್."

"ದೊಡ್ಡದಾ?"

"ದೊಡ್ಡದೇ."

"ಕುತ್ತಿಗೆಗೆ ಅಂಟಿಕೊಂಡು ಬರುವುದಾ, ಉದ್ದದ್ದಾ? ಉದ್ದದ್ದಾದರೆ ಹಸಿರು ಸೀರೆಗೆ ಆಗ್ತದೆ. ಆದ್ರೆ ಹಸಿರು ಸೀರೆ ಗೃಹಪ್ರವೇಶಕ್ಕೆ ಉಟ್ಟಿದ್ದೆ, ಎಲ್ಲರೂ ನೋಡಿದ್ದಾರೆ..."

ಆ ದಿನ ಶಶಿ ತುಂಬ ಹೊತ್ತು ಮಾತಾಡಿದಳು. ಸೀರೆಯಿಂದ ರವಿಕೆಗೆ, ರವಿಕೆಯಿಂದ ದರ್ಜಿಗೆ, ದರ್ಜಿಯಿಂದ ಅವನ ಸೊಸೆಗೆ. ನಾನು ಮಂಚದ ಮೇಲೆ ಎದ್ದು ಕೂತು ಹೂಂಗುಟ್ಟಿದೆ. ಫೋನಿಟ್ಟ ಮೇಲೆ ಹೊಳೆಯಿತು, ಅವಳು ಬಂಗಾರದ ಹಾರವೆಂದು ತಿಳಿದಿದ್ದಾಳೆ! ದುಬೈಯಲ್ಲಿರುವ ಗಂಡ ಹಾರ ಕಳಿಸುತ್ತೇನೆ ಎಂದರೆ ಯಾವ ಹೆಂಡತಿ ತಾನೆ ಖರ್ಜೂರದ ಬೀಜ ಎಂದು ಊಹಿಸುತ್ತಾಳೆ? ಕೂಡಲೇ ತಿದ್ದಬೇಕಿತ್ತು. ತಿದ್ದಿದರೆ ಮಾತು ನಿಲ್ಲುತ್ತಿತ್ತು. ತಿದ್ದಲಿಲ್ಲ.

ಈಗ ಬೀಜ ಬೇಕು. ಕಂಪನಿ ಕೊಟ್ಟ ಖರ್ಜೂರದ ಡಬ್ಬಿಯನ್ನು ಎರಡು ದಿನಗಳಲ್ಲಿ ಒಬ್ಬನೇ ತಿಂದು ಮುಗಿಸಿ ಹೊಟ್ಟೆ ಕೆಡಿಸಿಕೊಂಡೆ. ಬೀಜಗಳೋ ಒಂದು ದಪ್ಪ, ಒಂದು ಸಪೂರ. ಹಾರಕ್ಕೆ ಒಂದೇ ಅಳತೆಯವು ಬೇಕು. ಸ್ಟೋರ್‌ಕೀಪರ್ ಬುದ್ಧಿ ಕೆಲಸ ಮಾಡಿತು. ಒಂದೇ ಮಾಲು ದೊಡ್ಡ ಪ್ರಮಾಣದಲ್ಲಿ ಖರ್ಚಾಗುವ ಜಾಗ ಯಾವುದು? ನಮ್ಮ ಬೀದಿಯ ಮಸೀದಿಯ ಪಕ್ಕದ ಇಫ್ತಾರ್ ಟೆಂಟು!

ಸೂರ್ಯ ಮುಳುಗಿ, ಬಾಂಗ್ ಆಗಿ, ಜನ ಸಾಲಾಗಿ ಕೂತು ಉಪವಾಸ ಬಿಡುವಾಗ ನಾನು ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಟೆಂಟಿನ ಬಾಗಿಲಲ್ಲಿ ನಿಂತೆ. ಎಲ್ಲರೂ ಖರ್ಜೂರ ತಿಂದು ಬೀಜವನ್ನು ತಟ್ಟೆಯ ಅಂಚಿಗೆ ಇಡುತ್ತಿದ್ದರು. ಒಂದೇ ತಳಿ, ಒಂದೇ ಅಳತೆ! ಮೊದಲ ಸಾಲಿನಲ್ಲಿದ್ದ ಬಿಳಿ ಗಡ್ಡದ ಪೇಶಾವರದ ಹಿರಿಯರ ಮುಂದೆ ಬಗ್ಗಿ ಆದಷ್ಟು ವಿನಯದಿಂದ ಕೇಳಿದೆ.

"ಚಾಚಾ, ಗುಠ್ಲಿ ಚಾಹಿಯೇ."

"ಬೈಠೋ ಬೇಟಾ, ಖಾನಾ ಖಾವೋ."

"ಖಾನಾ ನಹೀ ಚಾಚಾ. ಸಿರ್ಫ್ ಗುಠ್ಲಿ."

ಊಟ ಬೇಡ, ಬೀಜ ಮಾತ್ರ ಸಾಕು ಎನ್ನುವ ಮನುಷ್ಯನನ್ನು ಅವರು ಬದುಕಿನಲ್ಲಿ ಮೊದಲ ಬಾರಿ ನೋಡಿದ್ದಿರಬೇಕು. ಅವರ ಕಣ್ಣು ಒದ್ದೆಯಾಯಿತು. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಎದುರಿನವನು ತನ್ನ ಬಿರಿಯಾನಿಯ ಅರ್ಧ ನನ್ನ ತಟ್ಟೆಗೆ ಹಾಕಿದ. ಇನ್ನೊಬ್ಬ ಬಾಳೆಹಣ್ಣು ಕೊಟ್ಟ. ನಾನು ಎಷ್ಟು ಬೇಡವೆಂದರೂ ಕೇಳಲಿಲ್ಲ. ಕೊನೆಗೆ ಚಾಚಾ ಅವರೇ ಇಡೀ ಸಾಲಿಗೆ ಕೂಗಿ ಹೇಳಿ ಬೀಜ ಒಟ್ಟುಮಾಡಿಸಿ ಚೀಲ ತುಂಬಿಸಿದರು. ಮೇಲಿಂದ ಒಂದು ಹಿಡಿ ಇಡೀ ಖರ್ಜೂರವನ್ನೂ ಹಾಕಿದರು. ನಿಜ ಹೇಳಬೇಕೆಂದರೆ ಶಶಿ ಹೋದ ಮೇಲೆ ನಾನು ಹತ್ತು ಜನರ ಜತೆ ಕೂತು ಉಂಡದ್ದು ಅದೇ ಮೊದಲು. ಬಿರಿಯಾನಿಗಿಂತ ಅದು ರುಚಿಯಾಗಿತ್ತು. ಬೀಜ ಸಾಕಷ್ಟಾದ ಮೇಲೂ "ಇನ್ನೂ ಸ್ವಲ್ಪ ಇರಲಿ" ಎಂದುಕೊಂಡು ಚೀಲ ಹಿಡಿದು ದಿನಾ ಹೋದೆ.

ತಂದ ಬೀಜಗಳನ್ನು ಪಾತ್ರೆ ತೊಳೆಯುವ ಸಾಬೂನಿನಲ್ಲಿ ತಿಕ್ಕಿ, ಬೇಯಿಸಿ, ಕಿಟಕಿಯ ಮೇಲೆ ಒಣಗಿಸಿ, ಒಳ್ಳೆಯವನ್ನು ಆರಿಸಿ ಗಾಜಿನ ಬಾಟಲಿಯಲ್ಲಿ ತುಂಬಿಟ್ಟೆ. ಮರುದಿನ ಕೆಲಸದಿಂದ ಬಂದಾಗ ವಿಲ್ಫಿ ಅಪರೂಪಕ್ಕೆ ಮನೆಯಲ್ಲಿದ್ದ. ಕೋಣೆಯೆಲ್ಲ ಘಮಘಮ.

"ಬನ್ನಿ ಜಯಣ್ಣ, ಕಾಫಿ ಕುಡೀರಿ. ಫಸ್ಟ್ ಕ್ಲಾಸ್ ಆಗಿದೆ."

"ಯಾವ ಕಾಫಿ?"

"ಖರ್ಜೂರದ ಬೀಜದ್ದು. ನಮ್ಮ ಹೋಟೆಲಲ್ಲಿ ಗೆಸ್ಟಿಗೆ ಇದನ್ನೇ ಸ್ಪೆಷಲ್ ಅಂತ ಕೊಡುದು. ಬಾಟ್ಲಿಯಲ್ಲಿ ನೀವು ಇಟ್ಟಿದ್ರಲ್ಲ, ಎಲ್ಲ ಹುರಿದು ಪುಡಿ ಮಾಡಿದೆ."

"ಅದು ನನ್ನ ಹೆಂಡತಿಯ ಹಾರ ಮಾರಾಯ!"

ವಿಲ್ಫಿ ಲೋಟ ಕೆಳಗಿಟ್ಟ. "ಸಾಯ್ಬಾ ಭೊಗೊಸ್, ದೇವರೇ ಕ್ಷಮಿಸು! ಹಾರವಾ?"

"ಸಾಬೂನು ಹಾಕಿ ತಿಕ್ಕಿ ಇಟ್ಟಿದ್ದೆ."

"ಹಾಗಾದ್ರೆ ನೊರೆ ಬಂದದ್ದು ಅದಕ್ಕೇ! ನಾನು ಕಾಫಿ ಒಳ್ಳೇದು ಅಂತ ಗ್ರಹಿಸಿದೆ."

ಮತ್ತೆ ಟೆಂಟಿಗೆ ಹೋದೆ. ಚಾಚಾ ಈ ಸಲ ನನಗೆಂದು ಜಾಗ ಹಿಡಿದಿಟ್ಟಿದ್ದರು.

ಎರಡನೆಯ ಕಂತಿನ ಬೀಜಕ್ಕೆ ತೂತು ಕೊರೆಯಲು ಸೂಪರ್‌ವೈಸರನ್ನು ಕೇಳಿ ಗೋದಾಮಿನ ಡ್ರಿಲ್ ತಂದೆ. ವಿಡಿಯೋದ ಹೆಂಗಸು ಬೆಣ್ಣೆಗೆ ಚುಚ್ಚಿದಂತೆ ಚುಚ್ಚುತ್ತಿದ್ದಳು. ನನ್ನ ಮೊದಲ ಬೀಜ ಡ್ರಿಲ್ ತಾಗಿದ್ದೇ ತಡ ಚಂಗನೆ ಹಾರಿ ಏಸಿಯ ಒಳಗೆ ಹೋಯಿತು. ಏಸಿ ಅಂದಿನಿಂದ ಕಟಕಟ ಅನ್ನುತ್ತಲೇ ಇದೆ. ಎರಡನೆಯದು ನನ್ನ ಹಣೆಗೆ ಬಡಿಯಿತು. ಮೂರನೆಯದನ್ನು ಹಠದಿಂದ ಒತ್ತಿ ಹಿಡಿದೆ. ತೂತು ಬಿತ್ತು! ಬೀಜಕ್ಕೆ, ಅದರ ಕೆಳಗಿನ ತರಕಾರಿ ಹೆಚ್ಚುವ ಹಲಗೆಗೆ, ಹಲಗೆಯ ಕೆಳಗಿನ ಮೇಜಿಗೆ! ಆಮೇಲೆ ಪೈಪು ಹಿಡಿಯುವ ಇಕ್ಕುಳದಲ್ಲಿ ಒಂದೊಂದೇ ಬೀಜ ಕಚ್ಚಿಸಿ ಕೊರೆಯುವುದನ್ನು ಕಲಿತೆ. ಕೈಬೆರಳಿಗೆಲ್ಲ ಪ್ಲಾಸ್ಟರು ಬಂತು. ಬೀಜಕ್ಕೆ ತೆಂಗಿನೆಣ್ಣೆ ಸವರಿ ಹೊಳಪು ತಂದೆ. ಬೀಜದ ನಡುವೆ ಗುಜರಿಗೆ ಹಾಕಿದ್ದ ಹಿತ್ತಾಳೆಯ ವಾಷರು; ಕೊಂಡಿಗೆ ಕೇಬಲಿನ ತುಂಡಿನಿಂದ ಬಿಡಿಸಿದ ತಾಮ್ರದ ತಂತಿ.

ಪದಕಕ್ಕೆ ಏನು ಮಾಡುವುದೆಂದು ಹುಡುಕುವಾಗ ಹಳೆಯ ಬ್ಯಾಗಿನ ಜೇಬಿನಲ್ಲಿ ಕರಾಮದ ಫ್ಲ್ಯಾಟಿನ ಡೂಪ್ಲಿಕೇಟ್ ಕೀ ಸಿಕ್ಕಿತು. ಫ್ಲ್ಯಾಟ್ ಬಿಡುವಾಗ ಕೊಡಲು ಮರೆತದ್ದು. ಆ ಬೀಗವನ್ನು ಅವರು ಎಂದೋ ಬದಲಾಯಿಸಿರುತ್ತಾರೆ. ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡು ಕೂತೆ. ಆಮೇಲೆ ಉಜ್ಜಿ ಫಳಫಳ ಮಾಡಿ ಹಾರದ ನಡುವೆ ತೂಗುಹಾಕಿದೆ.

ಈಸ್ಟರಿಗೆ ಊರಿಗೆ ಹೊರಟ ವಿಲ್ಫಿ ಕಾಫಿಯ ಪಾಪಪರಿಹಾರಕ್ಕೆಂದು ಹಾರವನ್ನು ತಾನೇ ಶಶಿಯ ಕೈಗೆ ತಲುಪಿಸಿದ. ಅವಳು ವಿಡಿಯೋ ಕಾಲ್ ಮಾಡಿಯೇ ಪೊಟ್ಟಣ ಬಿಚ್ಚಿದಳು. ನಾನು ನೋಡುತ್ತಿದ್ದೆ. ಅವಳು ಹಾರವನ್ನು ಎತ್ತಿ ಹಿಡಿದಳು. ತಿರುಗಿಸಿದಳು. ಮೂಸಿದಳು.

"ಇದೆಂತ, ಖರ್ಜೂರದ ಬೀಜವಾ?"

"ಹೌದು. ನಾನೇ ಮಾಡಿದ್ದು."

ಶಶಿ ನಗಲು ಶುರುಮಾಡಿದಳು. ನಕ್ಕು ನಕ್ಕು ಫೋನು ಕೈಯಿಂದ ಜಾರಿ ನನಗೆ ಸ್ವಲ್ಪ ಹೊತ್ತು ಬರೀ ಫ್ಯಾನು ಕಂಡಿತು. ಮತ್ತೆ ಮುಖ ಕಂಡಾಗ ಅವಳು ನಗುತ್ತಿರಲಿಲ್ಲ. ಕೀಯನ್ನು ಹೆಬ್ಬೆರಳಿನಲ್ಲಿ ಸವರುತ್ತಿದ್ದಳು.

"ಇದು ಕರಾಮದ್ದಲ್ವಾ?"

"ಬ್ಯಾಗಲ್ಲಿ ಉಳಿದಿತ್ತು."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಹಾಕ್ತೇನೆ. ಮದುವೆಗೆ ಇದನ್ನೇ ಹಾಕ್ತೇನೆ."

ನನಗೆ ಆ ದಿನ ನೆಲದ ಮೇಲೆ ಕಾಲಿರಲಿಲ್ಲ! ಆ ಖುಷಿಯಲ್ಲಿ ಹೇಳಲೇಬೇಕಾಗಿದ್ದ ಒಂದು ಮಾತನ್ನು ಮರೆತೆ. "ಜತೆಗೆ ಬಂಗಾರವನ್ನೂ ಹಾಕಿಕೋ" ಎನ್ನಬೇಕಿತ್ತು.

ಯಾಕೆಂದರೆ ನಮ್ಮ ಕಡೆ ಗಲ್ಫಿನಲ್ಲಿರುವವನ ಕೆಲಸದ ಬಗ್ಗೆ ಯಾರೂ ಅವನನ್ನು ಕೇಳುವುದಿಲ್ಲ. ಅವನ ಹೆಂಡತಿ ಮದುವೆಯ ಹಾಲಿಗೆ ಬಂದಾಗ ಅವಳ ಕುತ್ತಿಗೆ ನೋಡುತ್ತಾರೆ. ಕಳೆದ ವರ್ಷಕ್ಕಿಂತ ಒಂದೆಳೆ ಹೆಚ್ಚಾಗಿದ್ದರೆ ಗಂಡನಿಗೆ ಪ್ರಮೋಷನ್. ಅಷ್ಟೇ ಇದ್ದರೆ ಕಂಪನಿ ಸುಮಾರು. ಕಡಿಮೆಯಾಗಿದ್ದರೆ ಮಾತು ತಗ್ಗಿದ ದನಿಯಲ್ಲಿ ನಡೆಯುತ್ತದೆ. ಶಶಿ ಕರಿಮಣಿಯ ಜತೆ ಖರ್ಜೂರದ ಬೀಜ ಮಾತ್ರ ಹಾಕಿಕೊಂಡು ಹೋದಳು! ಸಂಜೀವ ಮಾವನ ಹೆಂಡತಿ ಗಿರಿಜತ್ತೆ ಬಾಗಿಲಲ್ಲೇ ಹಿಡಿದರಂತೆ.

"ಇದೆಂತ ಶಶಿ, ಕುತ್ತಿಗೆಯಲ್ಲಿ?"

"ಅವರು ಕೈಯಾರೆ ಮಾಡಿ ಕಳಿಸಿದ್ದು ಅತ್ತೆ."

"ಕೈಯಾರೆಯಾ? ಅಷ್ಟೆಲ್ಲ ಪುರುಸೊತ್ತು ಉಂಟಾ ಅವನಿಗೆ?"

ಅಲ್ಲಿಗೆ ಮುಗಿಯಿತು. ದುಬೈಯಲ್ಲಿ ಕೂತು ಬೀಜ ಪೋಣಿಸಲು ಪುರುಸೊತ್ತು ಇರುವವನಿಗೆ ಕೆಲಸ ಇರಲು ಸಾಧ್ಯವೇ? ಸಾರು ಬಡಿಸುವಾಗ ನನಗೆ ಕೆಲಸದಲ್ಲಿ ತೊಂದರೆಯಾಗಿತ್ತು. ಪಾಯಸ ಬರುವಾಗ ಕೆಲಸ ಹೋಗಿತ್ತು. ಅಷ್ಟರಲ್ಲಿ ರಜೆಯಲ್ಲಿ ಊರಿಗೆ ಬಂದಿದ್ದ ಇಲೆಕ್ಟ್ರಿಷಿಯನ್ ಒಬ್ಬ, ಪಂಕ್ತಿಯ ತುದಿಯಿಂದ, ನನ್ನನ್ನು ಕಣ್ಣಾರೆ ಕಂಡದ್ದಾಗಿ ಸಾಕ್ಷಿ ನುಡಿದ. ಮಸೀದಿಯ ಟೆಂಟಿನಲ್ಲಿ ಚೀಲ ಹಿಡಿದುಕೊಂಡು ತಟ್ಟೆಯಿಂದ ತಟ್ಟೆಗೆ ಬೇಡುತ್ತಾ ಹೋಗುತ್ತಿದ್ದನಂತೆ, ಪಾಪ! ಖರ್ಜೂರ ತಿಂದೇ ಜೀವ ಹಿಡಿದಿದ್ದಾನೆ, ಬೀಜ ನೋಡಿದರೆ ತಿಳಿಯುವುದಿಲ್ಲವೇ? ಮಜ್ಜಿಗೆಗೆ ಯಾರೋ ಕೀಯನ್ನು ನೋಡಿ, ಮನೆಯಿಂದಲೂ ಹೊರಗೆ ಹಾಕಿದ್ದಾರೆ ಎಂದು ತೀರ್ಪು ಕೊಟ್ಟರು. ಬೀಡ ಹಂಚುವ ಹೊತ್ತಿಗೆ ನಾನು ಮುಹೈಸ್ನಾದ ಲೇಬರ್ ಕ್ಯಾಂಪಿನಲ್ಲಿ ಯಾರದೋ ಮಂಚದ ಕೆಳಗೆ ಮಲಗಿದ್ದೆ!

ಇದಾವುದೂ ತಿಳಿಯದೆ ನಾನು ಮರುದಿನ ಗೋದಾಮಿನಲ್ಲಿ ವಾಲ್ವು ಎಣಿಸುತ್ತಿದ್ದೆ. ಫೋನು ಬಂತು. ಸಂಜೀವ ಮಾವ! ಊರಿನ ಮಾಮೂಲಿ ವಾಟ್ಸಾಪ್ ಕಾಲು ಇಲ್ಲಿಗೆ ಬರುವುದಿಲ್ಲ, ಬೇರೆ ಆಪ್ ಹಾಕಿಕೊಳ್ಳಬೇಕು. "ಅದೆಲ್ಲ ನನಗೆ ಗೊತ್ತಾಗುದಿಲ್ಲ" ಎಂದು ವರ್ಷಗಟ್ಟಲೆ ಫೋನೇ ಮಾಡದವರು ಮದುವೆ ಮನೆಯ ಗಡಿಬಿಡಿಯಲ್ಲೂ ಅದನ್ನು ಯಾರಿಂದಲೋ ಹಾಕಿಸಿಕೊಂಡಿದ್ದರು.

"ಜಯಾ, ನೀನು ಬೇಜಾರು ಮಾಡ್ಬೇಡ. ನಾವೆಲ್ಲ ಇಲ್ವಾ?"

"ಎಂತ ಆಯ್ತು ಮಾವ?"

"ಎಲ್ಲ ಗೊತ್ತಾಯ್ತು. ಶಶಿ ಪಾಪ, ಬಾಯಿ ಬಿಟ್ಟು ಹೇಳುದಿಲ್ಲ. ಕೆಲಸ ಹೋಗುದು ಬರುದು ಎಲ್ಲ ಇದ್ದದ್ದೇ."

"ನನ್ನ ಕೆಲಸ ಹೋಗಲಿಲ್ಲ ಮಾವ! ಈಗಲೂ ಡ್ಯೂಟಿಯಲ್ಲೇ ಇದ್ದೇನೆ."

"ಆಯ್ತಾಯ್ತು. ಹಾಗೇ ಹೇಳ್ಬೇಕು. ಧೈರ್ಯ ಬಿಡ್ಬಾರ್ದು. ಅದೆಂತ ಶಬ್ದ ಹಿಂದೆ?"

"ಫೋರ್ಕ್‌ಲಿಫ್ಟ್."

"ಅಯ್ಯೋ ದೇವರೇ, ಲೋಡಿಂಗಿಗೆ ಹೋಗ್ತಿದ್ದೀಯಾ? ಬೆನ್ನು ಜಾಗ್ರತೆ ಮಾರಾಯ!"

ನಾನು ನಿರಾಕರಿಸಿದಷ್ಟೂ ಅವರಿಗೆ ಖಾತ್ರಿಯಾಯಿತು. ಆ ಸಂಜೆ ಶಶಿಯ ಅಣ್ಣ ಮಾಡಿದ. ಆಮೇಲೆ ಪುಣೆಯಲ್ಲಿ ಹೋಟೆಲಿರುವ ಚಿಕ್ಕಪ್ಪ: "ಕ್ಯಾಶಿಗೆ ಒಂದು ನಂಬಿಕೆಯ ಜನ ಬೇಕು, ಬಾ." ಆಮೇಲೆ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ, ಈಗ ಎದುರು ಸಿಕ್ಕರೂ ಗುರುತಿಸದ ದಿವಾಕರ. ಎಲ್ಲರಿಗೂ "ಕೆಲಸ ಉಂಟು" ಎಂದು ಹೇಳಿದೆ. ಎಲ್ಲರೂ "ಹೌದು ಹೌದು" ಎಂದರು. ಮೂರನೆಯ ದಿನ ನನಗೆ ಸಾಕಾಯಿತು. ಸಂಜೀವ ಮಾವ ಮತ್ತೆ ಫೋನು ಮಾಡಿ "ಎಂತಾದ್ರೂ ದಾರಿ ಕಂಡಿತಾ?" ಎಂದು ಕೇಳಿದಾಗ ನನ್ನ ಬಾಯಿಂದ ಅಚಾನಕ್ಕಾಗಿ ಬಂದ ಮಾತು, "ನೋಡುವ ಮಾವ, ದೇವರಿದ್ದಾನೆ."

ಆಹಾ! ಅದರ ಪರಿಣಾಮವನ್ನು ಏನೆಂದು ಹೇಳಲಿ! ಮಾವ ಅರ್ಧ ಗಂಟೆ ಮಾತಾಡಿದರು. ತಾವು ಮುಂಬೈಯಲ್ಲಿ ಕ್ಯಾಂಟೀನಿನ ಕೆಲಸ ಬಿಟ್ಟು ಬೀದಿಗೆ ಬಿದ್ದ ಕತೆ ಹೇಳಿದರು. ಆ ಕತೆಯನ್ನು ಅವರು ಇದುವರೆಗೆ ಮನೆಯವರಿಗೂ ಹೇಳಿರಲಿಲ್ಲವಂತೆ. ರಾತ್ರಿ ಊಟಕ್ಕೆ ಎಂತ ಎಂದು ಕೇಳಿದರು. ಮೊಟ್ಟೆ ಎಂದೆ. ಎಣ್ಣೆ ಕಡಿಮೆ ಹಾಕು ಎಂದರು. ನಾನು ತಿನ್ನುವ ಮೊಟ್ಟೆಯ ಬಗ್ಗೆ ಲೋಕದಲ್ಲಿ ಒಬ್ಬರಿಗೆ ಕಾಳಜಿ ಇದೆ ಎಂದು ತಿಳಿದು ಆ ರಾತ್ರಿ ನಾನು ಒಂದೇ ಚಮಚ ಎಣ್ಣೆ ಹಾಕಿದೆ. ಅಂದಿನಿಂದ ನಾನು ನಿರಾಕರಿಸುವುದನ್ನು ಬಿಟ್ಟೆ. ಸುಳ್ಳು ಹೇಳಲಿಲ್ಲ, ನಿಟ್ಟುಸಿರು ಬಿಟ್ಟೆ, ಅಷ್ಟೇ. ನಿಟ್ಟುಸಿರಿಗೆ ಜನ ಏನು ಅರ್ಥ ಮಾಡಿಕೊಳ್ಳುತ್ತಾರೋ ಅದು ಅವರ ಜವಾಬ್ದಾರಿ!

ಸಂಜೆ ಚಾ ಮಾಡಿಕೊಂಡು ಫೋನಿನ ಮುಂದೆ ಕೂರುವುದು ಅಭ್ಯಾಸವಾಯಿತು. ದಿವಾಕರ ನಮ್ಮ ಮೇಷ್ಟ್ರುಗಳನ್ನೆಲ್ಲ ನೆನಪಿಸಿ ನಗಿಸುತ್ತಿದ್ದ. ಗಿರಿಜತ್ತೆ ನನಗಾಗಿ ದೈವಕ್ಕೆ ಹರಕೆ ಹೇಳಿಕೊಂಡರು. ಹೋಗದ ಕೆಲಸ ಮರಳಿ ಸಿಗಲೆಂದು ಹೇಳಿಕೊಂಡ ಹರಕೆಯನ್ನು ದೈವ ಯಾವ ಖಾತೆಗೆ ಹಾಕಿಕೊಂಡಿತೋ!

ಹೀಗೆ ಸುಖವಾಗಿರುವಾಗ ಶಶಿ ಫೋನು ಮಾಡಿದಳು. "ಊಟ ಆಯ್ತಾ" ಇಲ್ಲ, ಏನಿಲ್ಲ.

"ನೀವು ಸಂಜೀವ ಮಾವನ ಹತ್ರ ಎಂತ ಹೇಳಿದ್ದು?"

"ಎಂತ ಇಲ್ಲ. ದೇವರಿದ್ದಾನೆ ಅಂದೆ."

"ಕೆಲಸ ಉಂಟು ಅಂತ ಹೇಳ್ಲಿಲ್ವಾ?"

"ಮೊದಲು ಹೇಳಿದ್ದೆ. ನಂಬಲಿಲ್ಲ."

"ನಂಬುವಷ್ಟು ಸಲ ಹೇಳ್ಬೇಕು ಮಾರಾಯ್ರೆ! ಇಲ್ಲಿ ನನ್ನ ಅವಸ್ಥೆ ಗೊತ್ತುಂಟಾ? ಗಿರಿಜತ್ತೆ ಒಂದು ಗೋಣಿ ಕುಚ್ಚಲಕ್ಕಿ ಕಳಿಸಿದ್ದಾರೆ. ಪಕ್ಕದ ಮನೆಯವರು ಹೊಲಿಗೆ ಮೆಷಿನ್ ತಂದು ಇಟ್ಟು ಹೋಗಿದ್ದಾರೆ, ನಾನು ರವಿಕೆ ಹೊಲಿದು ಸಂಸಾರ ನಡೆಸ್ಬೇಕಂತೆ! ಪ್ರಾಪ್ತಿ 'ಮಮ್ಮಿ, ಆರ್ ವೀ ಪೂರ್ ನೌ?' ಅಂತ ಕೇಳ್ತಾಳೆ. ನಾನು ಹೋದಲ್ಲೆಲ್ಲ ಕೆಲಸ ಉಂಟು, ಕೆಲಸ ಉಂಟು ಅಂತ ಹೇಳುದು, ನೀವು ಅಲ್ಲಿ ಕೂತು ನಿಟ್ಟುಸಿರು ಬಿಡುದು! ಯಾಕೆ ಹೀಗೆ ಮಾಡಿದ್ರಿ?"

ಒಂದು ಒಳ್ಳೆಯ ಕಾರಣ ಹುಡುಕಿದೆ. ಸಿಗಲಿಲ್ಲ. ಇದ್ದದ್ದನ್ನೇ ಹೇಳಿದೆ.

"ಜನ ಫೋನು ಮಾಡ್ತಾರೆ ಶಶಿ. ಮೊಟ್ಟೆಗೆ ಎಣ್ಣೆ ಎಷ್ಟು ಹಾಕಿದೆ ಅಂತ ಕೇಳ್ತಾರೆ. ಇಲ್ಲಿ ನನಗೆ ಮಾತಾಡ್ಲಿಕ್ಕೆ ಯಾರೂ ಇಲ್ಲ."

ಆ ಕಡೆ ಶಶಿ ಟಿವಿ ಆರಿಸಿದ್ದು ಕೇಳಿಸಿತು.

"ನನ್ನ ಹತ್ರ ಹೇಳ್ಬಹುದಿತ್ತಲ್ಲ," ಅಂದಳು.

"ಹೇಳಿದ್ರೆ ನೀನೂ ಬೇಜಾರು ಮಾಡ್ಕೊಳ್ತಿ ಅಂತ."

"ಈಗ ನಾನು ಭಾರಿ ಸಂತೋಷದಲ್ಲಿದ್ದೇನಾ? ಊರಲ್ಲಿ ಸುತ್ತ ಜನ ಇದ್ದಾರೆ ಅಂತ ನಿಮ್ಮ ಲೆಕ್ಕ. ಮಗಳು ಕೋಣೆಯ ಬಾಗಿಲು ಹಾಕಿ ಓದ್ತಾ ಕೂತ್ರೆ ಸಂಜೆ ಆದ ಮೇಲೆ ಇಲ್ಲಿ ನಾನು ಮತ್ತೆ ಟಿವಿ. ನೀವು ಹಾರ ಕಳಿಸ್ತೇನೆ ಅಂದ ದಿನ ನಾನು ಅಷ್ಟು ಮಾತಾಡಿದ್ದು ಬಂಗಾರಕ್ಕೆ ಅಂತ ಗ್ರಹಿಸಿದ್ರಾ?"

ಹೌದು, ಹಾಗೇ ಗ್ರಹಿಸಿದ್ದೆ. ನನ್ನ ಬುದ್ಧಿಗೆ ಏನೆನ್ನಬೇಕು! ಆ ದಿನ ನಾವು ತುಂಬ ಹೊತ್ತು ಮಾತಾಡಿದೆವು. ಅದರಲ್ಲಿ ಮುಕ್ಕಾಲು ಪಾಲು ಬೈಗುಳ, ಅದೂ ನನಗೆ. ಆದರೂ ಫೋನು ಇಡಲು ಇಬ್ಬರಿಗೂ ಮನಸ್ಸಿರಲಿಲ್ಲ.

ಮರುದಿನ ಶಶಿ ಬ್ಯಾಂಕಿಗೆ ಹೋಗಿ ಲಾಕರ್ ತೆಗೆಸಿದಳು. ಮದುವೆಯಿಂದ ಇದುವರೆಗಿನ ಎಲ್ಲ ಬಂಗಾರವನ್ನೂ ಒಟ್ಟಿಗೆ ಹಾಕಿಕೊಂಡು, ಕುತ್ತಿಗೆ ಅಲ್ಲಾಡಿಸಲಾಗದೆ ಕುರ್ಚಿಯಲ್ಲಿ ನೆಟ್ಟಗೆ ಕೂತು, ಪ್ರಾಪ್ತಿಯಿಂದ ಫೋಟೋ ತೆಗೆಸಿ ಕುಟುಂಬದ ಗ್ರೂಪಿಗೆ ಹಾಕಿದಳು. ಬರೆದದ್ದು ಇಷ್ಟೇ: "ಎಲ್ಲರಿಗೂ ಶುಭೋದಯ." ಸಾಕಾಯಿತು! ನನ್ನ ಕೆಲಸ ನನಗೆ ಮರಳಿ ಸಿಕ್ಕಿತು. ಹರಕೆ ಫಲಿಸಿತೆಂದು ಗಿರಿಜತ್ತೆ ಕೈಮುಗಿದ ಚಿತ್ರ ಹಾಕಿದರು. ಹೊಲಿಗೆ ಮೆಷಿನ್ ಸಂಜೆಯೊಳಗೆ ವಾಪಸು ಹೋಯಿತು. ಬೀಜದ ಹಾರವನ್ನು ಶಶಿ ಲಾಕರಿನಲ್ಲಿ ಇಟ್ಟು ಬಂದಳಂತೆ. ಯಾಕೆಂದು ಕೇಳಿದರೆ, "ಹೊರಗೆ ಇದ್ರೆ ಇನ್ನು ಯಾರಾದ್ರೂ ನೋಡ್ತಾರೆ" ಅಂದಳು. ಹಾಗೆಂದು ಅದನ್ನು ಬಿಸಾಡಲೂ ಇಲ್ಲ.

ನನ್ನ ಫೋನು ಮಾತ್ರ ಆ ದಿನದಿಂದ ತಣ್ಣಗಾಯಿತು. ದಿವಾಕರ ಮಾಡಲಿಲ್ಲ. ಪುಣೆಯ ಚಿಕ್ಕಪ್ಪನಿಗೆ ಕ್ಯಾಶಿಗೆ ಬೇರೆ ಜನ ಸಿಕ್ಕಿದರಂತೆ. ಶಶಿಗೂ ನನಗೂ 'ಮತ್ತೆ' ಆದ ಮೇಲೂ ಈಗ ಒಂದಿಷ್ಟು ಮಾತಿದೆ, ಅದು ಸುಳ್ಳಲ್ಲ; ಆದರೆ ಅವಳಿಗೆ ಮನೆಗೆಲಸವಿದೆ, ಮಗಳ ಪರೀಕ್ಷೆಯಿದೆ, ನನಗೆ ಉಳಿಯುವ ಸಂಜೆ ಉದ್ದ. ಎರಡು ವಾರ ಚಾ ಹಿಡಿದು ಕಾದು ನೋಡಿ, ಕೊನೆಗೊಂದು ಸಂಜೆ ನಾಚಿಕೆ ಬಿಟ್ಟು ನಾನೇ ಸಂಜೀವ ಮಾವನಿಗೆ ಫೋನು ಹಚ್ಚಿದೆ. ಆಪಿನಲ್ಲಿ ಸಿಗಲಿಲ್ಲ, ನೇರವಾಗಿಯೇ ಮಾಡಿದೆ.

"ಎಂತ ಜಯಾ?" ಮಾವನ ದನಿಯಲ್ಲಿ ಗಾಬರಿ. "ಪುನಃ ಕೆಲಸ ಹೋಯ್ತಾ?"

"ಇಲ್ಲ ಮಾವ. ಕೆಲಸ ಉಂಟು. ಸುಮ್ಮನೆ ಮಾಡಿದೆ."

"ಸುಮ್ಮನೆಯಾ?" ಮಾವನಿಗೆ ಏನೂ ಅರ್ಥವಾಗಲಿಲ್ಲ. "ಸುಮ್ಮನೆ ಮಾಡಿ ಯಾಕೆ ದುಡ್ಡು ದಂಡ ಮಾಡ್ತಿ ಮಾರಾಯ? ಇಡು ಇಡು. ಕೆಲಸ ಎಲ್ಲಿಯಾದ್ರೂ ಹೋದ್ರೆ ಹೇಳು. ಆಗ ಕೂತು ಮಾತಾಡುವ."

ಅವರು ತಮಾಷೆ ಮಾಡುತ್ತಿರಲಿಲ್ಲ. ನಿಜವಾದ ಪ್ರೀತಿಯಿಂದಲೇ ಹೇಳಿದ್ದರು.

ಮರುದಿನ ನಾನು ಬೇಕೆಂದೇ ಒಂದು ಗಂಟೆ ತಡವಾಗಿ ಕೆಲಸಕ್ಕೆ ಹೋದೆ. ಯಾರೂ ಗಮನಿಸಲಿಲ್ಲ!